ಕೌಂಟರ್‌ನ ಆ ಕಡೆ ನಿಂತವನು ಏನು ಕುಡೀತಾನೆ?

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

 

ಹೋಟೆಲ್ ಬಿಲ್ ಬಗ್ಗೆ ಮಾಡಿದ ಸಂಚಿಕೆಯಲ್ಲಿ, ಬಿಕಾಂ ಮುಗಿದ ಮೇಲೆ ನಾನು ಮೂರು ವರ್ಷ ಬಾರ್ ಅಂಡ್ ರೆಸ್ಟೋರೆಂಟ್‌ಗಳಲ್ಲಿ ಕೆಲಸ ಮಾಡಿದ್ದೆ ಅಂತ ಸುಮ್ನೆ ಒಂದು ಮಾತು ಹೇಳಿದ್ದೆ. ಆಮೇಲೆ ಬಂದ ಮೆಸೇಜ್‌ಗಳಲ್ಲಿ ಬಿಲ್ ವಿಷಯ ಕೇಳಿದವರು ಕಡಿಮೆ. ಹೆಚ್ಚಿನವರದ್ದು ಒಂದೇ ಪ್ರಶ್ನೆ: "ಬಾರಲ್ಲಿ ಕೆಲಸ ಮಾಡೋರು ಏನು ಕುಡೀತಾರೆ ಬ್ರೋ?"

ಚಿಕ್ಕ ಉತ್ತರ ಅಂದ್ರೆ, ತಾವು ಜಾಸ್ತಿ ಮಾರೋದನ್ನ ಅವರು ಕುಡಿಯಲ್ಲ. ಯಾಕೆ ಅನ್ನೋದೇ ಇವತ್ತಿನ ಸಂಚಿಕೆ. ಇನ್ನೂ ಕುಡಿಯೋ ವಯಸ್ಸಾಗದವರು ದಯವಿಟ್ಟು ಇದನ್ನ ಬಿಟ್ಟು ಬೇರೆ ಸಂಚಿಕೆ ಕೇಳಿ. ಕುಡಿಯದೇ ಇರೋರು ಧಾರಾಳವಾಗಿ ಕೇಳಬಹುದು, ಲೆಕ್ಕಾಚಾರ ಜಾಸ್ತಿ ಇದೆ.

ಕಾಮರ್ಸ್ ಓದಿದೋನು ಅಂತ ನನಗೆ ಮೊದಲು ಸಿಕ್ಕಿದ್ದು ಸ್ಟಾಕ್ ಬರೆಯೋ ಕೆಲಸ. ಓಪನಿಂಗ್ ಸ್ಟಾಕ್, ಬಂದಿದ್ದು, ಹೋಗಿದ್ದು, ಕ್ಲೋಸಿಂಗ್ ಸ್ಟಾಕ್. 750 ಎಂಎಲ್ ಬಾಟಲಿಗೆ 30 ಎಂಎಲ್‌ನ 25 ಪೆಗ್. ರಾತ್ರಿ ಶಟರ್ ಎಳೆದ ಮೇಲೆ ಓಪನ್ ಬಾಟಲಿಗಳನ್ನೆಲ್ಲ ತಕ್ಕಡಿ ಮೇಲೆ ಇಟ್ಟು ತೂಕ ನೋಡಿ, ಎಷ್ಟು ಉಳಿದಿದೆ ಅಂತ ಬರೀಬೇಕು. ಎರಡು ಪೆಗ್ ಕಮ್ಮಿ ಬಂದ್ರೂ ಯಾರಾದ್ರೂ ಉತ್ತರ ಹೇಳಬೇಕು. ಹಾಗಾಗಿ ಬಾರಲ್ಲಿ ಕೆಲಸ ಮಾಡೋರಿಗೆ ಎಣ್ಣೆ ಫ್ರೀ ಅನ್ನೋದು ಹೊರಗಿನವರ ಕಲ್ಪನೆ.

ಹಾಗಾದ್ರೆ ರುಚಿ ಗೊತ್ತಾಗೋದು ಹೇಗೆ? ಕಂಪನಿಯವರು ಬಂದು ಹೊಸ ಬ್ರ್ಯಾಂಡ್ ಬಗ್ಗೆ ಟ್ರೇನಿಂಗ್ ಕೊಡ್ತಾರೆ, ಆಗ ಒಂದು ಪೆಗ್ಗನ್ನ ಆರು ಜನ ಹಂಚಿಕೊಳ್ಳೋದು. ಕಾಕ್‌ಟೇಲ್ ಮಾಡುವಾಗ ಸ್ಟ್ರಾ ಅದ್ದಿ, ಮೇಲ್ತುದಿಗೆ ಬೆರಳು ಒತ್ತಿ, ಎರಡು ಹನಿ ಬಾಯಿಗೆ ಬಿಟ್ಟುಕೊಂಡು ಹುಳಿ ಸಿಹಿ ಸರಿ ಇದ್ಯಾ ನೋಡೋದು. ಆ ಸ್ಟ್ರಾ ನೇರ ಕಸದ ಬುಟ್ಟಿಗೆ. ನಮ್ಮ ಸೀನಿಯರ್ ಬಾರ್‌ಟೆಂಡರ್ ಕುಂದಾಪುರದವರು. ಅವರು ಹೇಳೋರು, "ಮೂಗು ಮೊದ್ಲು, ನಾಲಿಗೆ ಆಮೇಲೆ, ಹೊಟ್ಟೆಗೆ ಹೋಗ್ಬೇಕು ಅಂತೇ ಇಲ್ಲ ಮಾರಾಯ." ನಾನು ಇವತ್ತು ಹೇಳೋ ಡ್ರಿಂಕ್‌ಗಳಲ್ಲಿ ಬಹುತೇಕ ನನಗೆ ಪರಿಚಯ ಆಗಿದ್ದು ಹೀಗೆ, ಹನಿ ಲೆಕ್ಕದಲ್ಲಿ.

ಸ್ಟಾಕ್ ಬರೆಯೋನು ಲೇಬಲ್ ಓದಲೇಬೇಕು. ಕುಡಿಯೋರು ಯಾರೂ ಓದಲ್ಲ. ನಮ್ಮ ವಿಸ್ಕಿ, ರಮ್, ಬ್ರಾಂದಿ ಬಾಟಲಿ ಮೇಲೆ ಸಾಮಾನ್ಯವಾಗಿ 42.8 ಪರ್ಸೆಂಟ್ ಅಂತ ಇರತ್ತೆ. 43 ಅಲ್ಲ, 40 ಅಲ್ಲ, ಇದೇನು 42.8? ಕೆಲವು ಬಾಟಲಿಗಳ ಮೇಲೆ ಅದರ ಪಕ್ಕ 25 ಡಿಗ್ರಿ ಯು.ಪಿ. ಅಂತಲೂ ಬರೆದಿರತ್ತೆ. ಉತ್ತರ ಪ್ರದೇಶ ಅಲ್ಲ, ಅಂಡರ್ ಪ್ರೂಫ್. ಬ್ರಿಟಿಷರ ಹಳೇ ಅಳತೆಯಲ್ಲಿ 100 ಪ್ರೂಫ್ ಅಂದ್ರೆ ಸುಮಾರು 57.1 ಪರ್ಸೆಂಟ್ ಆಲ್ಕೋಹಾಲ್. ಅಷ್ಟು ಸ್ಟ್ರಾಂಗ್ ಇದ್ರೆ ಅದರಲ್ಲಿ ನೆನೆಸಿದ ಮದ್ದಿನ ಪುಡಿಗೂ ಬೆಂಕಿ ಹತ್ತತ್ತೆ, ಅದೇ ಪ್ರೂಫ್ ಅಂತ ಕಥೆ. ಅದರಲ್ಲಿ 25 ಕಳೆದು 75 ಪರ್ಸೆಂಟ್ ತಗೊಂಡ್ರೆ 42.8. ಬ್ರಿಟಿಷರು ಹೋದ್ರು, ಅವರ ಭಾಗಾಕಾರ ನಮ್ಮ ಕ್ವಾರ್ಟರ್ ಬಾಟಲಿ ಮೇಲೆ ಉಳ್ಕೊಂಡಿದೆ.

ಇದಕ್ಕಿಂತ ದೊಡ್ಡ ವಿಷಯ ಬಾಟಲಿ ಒಳಗಿದೆ. ವಿಸ್ಕಿ ಅಂದ್ರೆ ಬಾರ್ಲಿಯೋ ಬೇರೆ ಧಾನ್ಯವೋ ನೆನೆಸಿ, ಹುಳಿ ಹಿಡಿಸಿ, ಭಟ್ಟಿ ಇಳಿಸಿ, ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಟ್ಟಿದ್ದು. ಆದ್ರೆ ನಮ್ಮಲ್ಲಿ ಕಡಿಮೆ ಬೆಲೆಯ ವಿಸ್ಕಿಯ ಆಧಾರ ಬಹಳ ಕಾಲದಿಂದ ಕಾಕಂಬಿ. ಮಂಡ್ಯ, ಬೆಳಗಾವಿ ಕಡೆಯವರಿಗೆ ಹೇಳೋದೇ ಬೇಡ, ಸಕ್ಕರೆ ಕಾರ್ಖಾನೆಯಲ್ಲಿ ಸಕ್ಕರೆ ತೆಗೆದ ಮೇಲೆ ಉಳಿಯೋ ಕಪ್ಪು ಪಾಕ. ಅದರಿಂದ ಇಳಿಸಿದ ಸ್ಪಿರಿಟ್‌ಗೆ ರುಚಿ ಇಲ್ಲ, ವಾಸನೆ ಇಲ್ಲ. ಹೆಸರೇ ಎಕ್ಸ್‌ಟ್ರಾ ನ್ಯೂಟ್ರಲ್ ಆಲ್ಕೋಹಾಲ್. ಅದಕ್ಕೆ ಒಂದಿಷ್ಟು ಮಾಲ್ಟ್ ಬೆರೆಸಿ, ಕ್ಯಾರಮೆಲ್ ಬಣ್ಣ ಕೊಟ್ಟು ವಿಸ್ಕಿ ಅಂತ ಮಾರೋದು. ಈಗ ಎಷ್ಟೋ ಬ್ರ್ಯಾಂಡ್‌ಗಳು ಧಾನ್ಯದ ಸ್ಪಿರಿಟ್ ಬಳಸ್ತವೆ, ಲೇಬಲ್ ಮೇಲೆ ಹಾಕಿಕೊಳ್ತವೆ ಕೂಡ. ಆದ್ರೆ ಕಾಕಂಬಿಯದ್ದನ್ನ ಯುರೋಪಿನಲ್ಲಿ ವಿಸ್ಕಿ ಅನ್ನೋ ಹೆಸರಲ್ಲಿ ಮಾರೋ ಹಾಗಿಲ್ಲ. ಕಾಕಂಬಿಯಿಂದ ಆಗಿದ್ದಕ್ಕೆ ಅಲ್ಲಿ ಬೇರೆ ಹೆಸರಿದೆ: ರಮ್.

ಇದು ಗೊತ್ತಾದ ದಿನದಿಂದ ನನಗೆ ಕಡಿಮೆ ಬಜೆಟ್‌ನಲ್ಲಿ ಆಯ್ಕೆ ಸುಲಭ ಆಯ್ತು. ಹೇಗಿದ್ರೂ ಕಾಕಂಬಿ ಕುಡಿಯೋದಾದ್ರೆ, ಕಾಕಂಬಿ ಅಂತ ಒಪ್ಪಿಕೊಂಡಿರೋದನ್ನೇ ಕುಡಿಯೋಣ. ರಮ್ಮಲ್ಲೂ ಬರೀ ಸ್ಪಿರಿಟ್‌ಗೆ ಎಸೆನ್ಸ್ ಹಾಕಿದ್ದು ಇರತ್ತೆ. ಅದಕ್ಕೇ ಪೀಪಾಯಿಯಲ್ಲಿ ಇಟ್ಟಿದ್ದನ್ನ ನೋಡಬೇಕು. ಓಲ್ಡ್ ಮಾಂಕ್ 1954ರಿಂದ ಇದೆ, ಮೋಹನ್ ಮೀಕಿನ್ ಕಂಪನಿಯದ್ದು, ಏಳು ವರ್ಷದ ರಮ್ ಅಂತ ಹೆಸರು ಮಾಡಿದ್ದು. ಮೂಗಿಗೆ ಮೊದಲು ಬರೋದು ವೆನಿಲ್ಲಾ, ಹಿಂದೆಯೇ ಬೆಲ್ಲದ ಪಾಕದ ವಾಸನೆ. ನಮ್ಮಲ್ಲಿ ತೊಂಬತ್ತು ಭಾಗ ಜನ ಅದಕ್ಕೆ ಕೋಲಾ ಸುರೀತಾರೆ. ನನಗೆ ಕಲಿಸಿದ ಅಡುಗೆಮನೆಯ ಅಣ್ಣ ಒಬ್ಬರು ಮಡಿಕೇರಿಯವರು. ಅವರು ಬಿಸಿನೀರು, ಒಂದು ಲವಂಗ, ನಾಲ್ಕು ಹನಿ ನಿಂಬೆ, ಅಷ್ಟೇ ಹಾಕೋರು. ಮಿಲಿಟರಿ ಕ್ಯಾಂಟೀನ್ ಬಾಟಲಿ ಮನೆಗೆ ಬರೋ ಕುಟುಂಬಗಳಲ್ಲಿ ಇದು ಗೊತ್ತಿರೋ ವಿಷಯ. ನೆಗಡಿಗೆ ಔಷಧಿ ಅಂತ ಕೊಡ್ತಾರಲ್ಲ, ಔಷಧಿ ಏನಲ್ಲ ಅದು, ಬಿಸಿನೀರಿನ ಉಪಕಾರ. ಆದ್ರೆ ರುಚಿ ನಿಜ. ಸಿಹಿ ಮುಚ್ಚಿಟ್ಟಿದ್ದೆಲ್ಲ ಬಿಸಿಗೆ ಹೊರಗೆ ಬರತ್ತೆ.

ಈಗ ನನ್ನ ನಿಜವಾದ ಪ್ರೀತಿಯ ವಿಷಯ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ತೀನಿ, ಬೇಜಾರು ಮಾಡ್ಕೋಬೇಡಿ.

ಎರಡನೇ ವರ್ಷ ನಾನಿದ್ದ ಜಾಗದಲ್ಲಿ ಮೇಲಿನ ಶೆಲ್ಫಲ್ಲಿ ಅಮೃತ್ ಫ್ಯೂಷನ್ ಇತ್ತು. ತಿಂಗಳಿಗೆ ನಾಲ್ಕೈದು ಪೆಗ್ ಹೋದ್ರೆ ಹೆಚ್ಚು. ಕೇಳೋರು ಯಾರು ಅಂದ್ರೆ ಫಾರಿನರ್ಸ್. ನಮ್ಮೋರು ಅದರ ಪಕ್ಕದ ಸ್ಕಾಚ್ ಕೇಳೋರು. ಬೆಂಗಳೂರಿನದ್ದು ಅಂತ ಹೇಳಿದ್ರೆ, "ಲೋಕಲ್ಲಾ? ಬೇಡ ಬಿಡಿ" ಅನ್ನೋರು. ಅದನ್ನ ಮಾಡೋ ಡಿಸ್ಟಿಲರಿ ಇರೋದು ಮೈಸೂರು ರಸ್ತೆಯ ಕಂಬೀಪುರದಲ್ಲಿ. ಬಿಡದಿ ತಟ್ಟೆ ಇಡ್ಲಿಗೆ ಹೋಗೋ ದಾರಿ ಅದು.

ಅಮೃತ್ ಕಂಪನಿ ಶುರುವಾಗಿದ್ದು 1948ರಲ್ಲಿ. ರಾಧಾಕೃಷ್ಣ ಜಗದಾಳೆ ಅವರು ಶುರು ಮಾಡಿದ್ದು. ಮೊದಲೆಲ್ಲ ಎಲ್ಲರ ಹಾಗೆ ಬ್ರಾಂದಿ, ರಮ್ಮು, ಸಾಧಾರಣ ವಿಸ್ಕಿ. ಬ್ಲೆಂಡ್‌ಗೆ ಬೆರೆಸೋಕೆ ಅಂತ ಮಾಡ್ತಿದ್ದ ಮಾಲ್ಟನ್ನ ಹಾಗೇ, ಬೆರಕೆ ಇಲ್ಲದೆ ಸಿಂಗಲ್ ಮಾಲ್ಟ್ ಆಗಿ ಮಾರಬಹುದಲ್ಲ ಅನ್ನೋ ಯೋಚನೆ ಆಮೇಲಿನದ್ದು. ಮೂರನೇ ತಲೆಮಾರಿನ ರಕ್ಷಿತ್ ಜಗದಾಳೆ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಎಂಬಿಎ ಓದುವಾಗ, ಇಂಡಿಯಾದ ಸಿಂಗಲ್ ಮಾಲ್ಟ್‌ಗೆ ಬ್ರಿಟನ್‌ನಲ್ಲಿ ಮಾರ್ಕೆಟ್ ಇದ್ಯಾ ಅನ್ನೋದನ್ನೇ ಪ್ರಾಜೆಕ್ಟ್ ಮಾಡಿದ್ರು. ನಮ್ಮ ಕಾಲೇಜಲ್ಲಿ ಪ್ರಾಜೆಕ್ಟ್ ಅಂದ್ರೆ ಜೆರಾಕ್ಸ್ ಅಂಗಡಿಯಿಂದ ತಂದು ಬೈಂಡ್ ಮಾಡಿಸೋದು, ಆ ಮಾತು ಬೇರೆ. 2004ರ ಆಗಸ್ಟ್‌ನಲ್ಲಿ ಅಮೃತ್ ಸಿಂಗಲ್ ಮಾಲ್ಟ್ ಬಿಡುಗಡೆ ಆಯ್ತು. ಎಲ್ಲಿ? ಬೆಂಗಳೂರಲ್ಲಲ್ಲ, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ಮೀನು ಹಿಡಿಯೋರ ಕೇರಿಗೇ ಹೋಗಿ ಮೀನು ಮಾರಿದ ಹಾಗೆ. ಫ್ಯೂಷನ್ ಬಂದಿದ್ದು ಅದಾದ ಮೇಲೆ: ನಮ್ಮ ದೇಶದ ಬಾರ್ಲಿ ಒಂದು ಪಾಲು, ಸ್ಕಾಟ್ಲೆಂಡಿನ ಹೊಗೆ ವಾಸನೆಯ ಬಾರ್ಲಿ ಇನ್ನೊಂದು ಪಾಲು. ಜಿಮ್ ಮರ್ರೆ ಅನ್ನೋ ವಿಸ್ಕಿ ವಿಮರ್ಶಕರು 2010ರ ತಮ್ಮ ವಾರ್ಷಿಕ ಪುಸ್ತಕದಲ್ಲಿ ಅದಕ್ಕೆ 100ಕ್ಕೆ 97 ಕೊಟ್ಟು, ಆ ವರ್ಷ ಜಗತ್ತಿನ ಮೂರನೇ ಅತ್ಯುತ್ತಮ ವಿಸ್ಕಿ ಅಂದ್ರು. ನಮ್ಮೋರು ತಿರುಗಿ ನೋಡಿದ್ದು ಅದಾದ ಮೇಲೆ.

ಇದರಲ್ಲಿ ನನಗೆ ಹುಚ್ಚು ಹಿಡಿಸಿದ್ದು ಆವಿಯ ಲೆಕ್ಕ. ಪೀಪಾಯಿಯಲ್ಲಿಟ್ಟ ವಿಸ್ಕಿ ಮರದ ಸಂದಿನಿಂದ ಪ್ರತಿ ವರ್ಷ ಸ್ವಲ್ಪ ಆವಿಯಾಗತ್ತೆ. ಅದಕ್ಕೆ ದೇವತೆಗಳ ಪಾಲು ಅಂತ ಹೆಸರು. ಸ್ಕಾಟ್ಲೆಂಡಿನ ಚಳಿಯಲ್ಲಿ ವರ್ಷಕ್ಕೆ ಸುಮಾರು 2 ಪರ್ಸೆಂಟ್. ಬೆಂಗಳೂರಲ್ಲಿ 10ರಿಂದ 12. ಬಿಕಾಂ ಮಾಡಿದೋರಿಗೆ ರಿಟನ್ ಡೌನ್ ವ್ಯಾಲ್ಯೂ ಮೆಥಡ್ ನೆನಪಿದ್ಯಾ? ಅದೇ ಲೆಕ್ಕ. 200 ಲೀಟರ್ ಪೀಪಾಯಿ ತಗೊಳ್ಳಿ. ವರ್ಷಕ್ಕೆ 10 ಪರ್ಸೆಂಟ್ ಡಿಪ್ರಿಸಿಯೇಷನ್: 180, 162, 146, 131, ಐದನೇ ವರ್ಷದ ಕೊನೆಗೆ 118 ಲೀಟರ್. ಸ್ಕಾಟ್ಲೆಂಡಿನಲ್ಲಿ ಅದೇ ಪೀಪಾಯಿಯಲ್ಲಿ ಐದು ವರ್ಷಕ್ಕೆ ಇನ್ನೂ 181 ಲೀಟರ್ ಇರತ್ತೆ. ಬೆಂಗಳೂರಿನವನಿಗೆ 60 ಲೀಟರ್‌ಗಿಂತ ಜಾಸ್ತಿ ಲಾಸು, ಅದೂ ಯಾರೂ ಕುಡಿಯದೆ. ನಮ್ಮ ಬಾರಲ್ಲಿ ಎರಡು ಪೆಗ್‌ಗೆ ಗಲಾಟೆ ಆಗ್ತಿತ್ತು, ನೆನಪಿಟ್ಕೊಳ್ಳಿ.

ಆದ್ರೆ ಯಾವ ಬಿಸಿಲು ಕದಿಯತ್ತೋ ಅದೇ ಬಿಸಿಲು ಮಾಗಿಸತ್ತೆ. ಶಾಖಕ್ಕೆ ವಿಸ್ಕಿ ಮರದೊಳಗೆ ಹೊಕ್ಕು ಹೊರಬರೋ ವೇಗ ಜಾಸ್ತಿ. ಹಾಗಾಗಿ ಅಲ್ಲಿ ಹನ್ನೆರಡು ವರ್ಷ ಕಾಯೋ ಕೆಲಸ ಇಲ್ಲಿ ನಾಲ್ಕೈದು ವರ್ಷದಲ್ಲಿ ಆಗತ್ತೆ. ಇಲ್ಲಿ ಹನ್ನೆರಡು ವರ್ಷ ಇಟ್ರೆ ಪೀಪಾಯಿಯ ತಳದಲ್ಲಿ ಏನು ಉಳಿದೀತು? ಅಮೃತ್‌ನವರೇ ಎಂಟು ವರ್ಷ ಇಟ್ಟು ತೆಗೆದ ವಿಸ್ಕಿಗೆ ದುರಾಸೆಯ ದೇವತೆಗಳು ಅನ್ನೋ ಅರ್ಥದಲ್ಲಿ ಗ್ರೀಡಿ ಏಂಜಲ್ಸ್ ಅಂತ ಹೆಸರಿಟ್ರು. "12 ಇಯರ್ಸ್ ಕೊಡ್ರೀ" ಅಂತ ವಯಸ್ಸು ನೋಡಿ ಆರ್ಡರ್ ಮಾಡೋರಿಗೆ ಇದನ್ನ ಅರ್ಥ ಮಾಡಿಸೋದು ಕಷ್ಟ. ನಾನಂತೂ ಪ್ರತಿ ಸಲ ಪ್ರಯತ್ನ ಪಡ್ತಿದ್ದೆ. ಕ್ಯಾಪ್ಟನ್ ಕಣ್ಣಲ್ಲೇ ಬೈಯೋರು, ಟೇಬಲ್ ಎಂಟು ಕಾಯ್ತಿದೆ ಅಂತ.

ಕುಡಿಯೋದಾದ್ರೆ ಹೀಗೆ: 30 ಎಂಎಲ್, ಐಸ್ ಬೇಡ, ಒಂದು ಚಮಚ ನೀರು. ನೀರು ಬಿದ್ದ ತಕ್ಷಣ ಉರಿ ಇಳಿದು ವಾಸನೆ ಅರಳತ್ತೆ. ಹೊಗೆ, ಆಮೇಲೆ ಒಣದ್ರಾಕ್ಷಿ ಥರ ಏನೋ. ಬೆಲೆ ಜಾಸ್ತಿ, ಒಪ್ಕೋತೀನಿ. ನಾನು ವರ್ಷಕ್ಕೊಮ್ಮೆ ಒಂದು ಬಾಟಲ್ ತಗೊಳ್ತೀನಿ, ಅದು ವರ್ಷಪೂರ್ತಿ ಬರತ್ತೆ.

ಇನ್ನೊಂದು ಲೆಕ್ಕ ಇದೆ. ಇದು ರುಚಿಯ ಲೆಕ್ಕ ಅಲ್ಲ.

ನಮ್ಮ ಜೊತೆ ಒಬ್ಬ ಹುಡುಗ ಇದ್ದ, ಸ್ಟುವರ್ಡ್. ನನಗಿಂತ ಎರಡು ವರ್ಷ ಚಿಕ್ಕೋನು. ತುಂಬಾ ಚುರುಕು, ಒಂದೇ ಕೈಲಿ ಆರು ಮಗ್ ಹಿಡಿಯೋನು. ರಾತ್ರಿ ಕ್ಲೋಸ್ ಆದ್ಮೇಲೆ ರೂಮಿಗೆ ಹೋಗಿ ದಿನಾ ಎರಡು ಸ್ಟ್ರಾಂಗ್ ಬಿಯರ್. ಯಾರಾದ್ರೂ ಕೇಳಿದ್ರೆ, "ನಾನು ಹಾಟ್ ಮುಟ್ಟಲ್ಲ ಬ್ರೋ, ಬಿಯರ್ ಮಾತ್ರ" ಅನ್ನೋನು. ಹಾಟ್ ಅಂದ್ರೆ ವಿಸ್ಕಿ, ರಮ್, ಬ್ರಾಂದಿ. ಬಿಯರ್ ಅಂದ್ರೆ ಕೂಲ್ ಡ್ರಿಂಕ್‌ನ ಅಣ್ಣ ಅನ್ನೋ ನಂಬಿಕೆ ನಮ್ಮಲ್ಲಿ ಎಷ್ಟೋ ಜನಕ್ಕಿದೆ.

ಲೆಕ್ಕ ನೋಡಿ. 30 ಎಂಎಲ್ ಪೆಗ್, 42.8 ಪರ್ಸೆಂಟ್: ಅದರಲ್ಲಿರೋ ಶುದ್ಧ ಆಲ್ಕೋಹಾಲ್ ಹತ್ತಿರ ಹತ್ತಿರ 13 ಎಂಎಲ್, ತೂಕದಲ್ಲಿ 10 ಗ್ರಾಂ. 650 ಎಂಎಲ್ ದೊಡ್ಡ ಬಾಟಲ್ ಸ್ಟ್ರಾಂಗ್ ಬಿಯರ್, 8 ಪರ್ಸೆಂಟ್ ಇದ್ರೆ: 52 ಎಂಎಲ್. ಅಂದ್ರೆ ಒಂದು ಬಾಟಲ್ ಅಂದ್ರೆ ನಾಲ್ಕು ಪೆಗ್. 7 ಪರ್ಸೆಂಟ್ ಅಂತ ಇಟ್ಕೊಂಡ್ರೂ ಮೂರೂವರೆ. ಎರಡು ಬಾಟಲಿಗೆ ಏಳೆಂಟು ಪೆಗ್. ಒಂದು ಕ್ವಾರ್ಟರ್ ಬಾಟಲಿ, 180 ಎಂಎಲ್, ಅದರಲ್ಲಿರೋದು ಆರು ಪೆಗ್. ದಿನಾ ಕ್ವಾರ್ಟರ್ ಹಾಕೋನನ್ನ ನಾವು ಕುಡುಕ ಅಂತೀವಿ. ಇವನು ಅವನಿಗಿಂತ ಜಾಸ್ತಿ ಕುಡೀತಿದ್ದ, ಪಾಪ, ಇವನನ್ನ ಯಾರೂ ಹಾಗೆ ಕರೀಲಿಲ್ಲ. ಮನೆಯವರಿಗೂ ಗೊತ್ತಾಗಲಿಲ್ಲ. 24ನೇ ವಯಸ್ಸಿಗೆ ಕಣ್ಣು ಹಳದಿ ಆಯ್ತು, ಲಿವರ್ ಅಂದ್ರು ಡಾಕ್ಟರ್. ಊರಿಗೆ ಹೋದ. ಈಗ ಅಪ್ಪನ ಜೊತೆ ಅಂಗಡಿ ನೋಡ್ಕೋತಾನೆ, ಮುಟ್ಟಲ್ಲ. ಈ ಕಥೆ ಹೇಳ್ತೀನಿ ಅಂದಾಗ, "ಹೆಸರು ಬೇಡ, ಲೆಕ್ಕ ಮಾತ್ರ ಸರಿಯಾಗಿ ಹೇಳು" ಅಂದ.

2023ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಿಭಾಗ, ಆರೋಗ್ಯಕ್ಕೆ ಸುರಕ್ಷಿತ ಅನ್ನೋ ಪ್ರಮಾಣದ ಮದ್ಯ ಅಂತ ಒಂದಿಲ್ಲ ಅಂತ ಸ್ಪಷ್ಟವಾಗಿ ಹೇಳಿದೆ. ನಾನು ಹೇಳ್ತಿರೋ ಫೇವರಿಟ್‌ಗಳಿಗೂ ಅದು ಅನ್ವಯ, ದುಬಾರಿ ವಿಸ್ಕಿಗೆ ರಿಯಾಯಿತಿ ಇಲ್ಲ. ಬಾರಲ್ಲಿ ಉಳಿದುಕೊಂಡ ಹಳಬರನ್ನ ನೋಡಿ ಗೊತ್ತಾಗಿದ್ದು ಅಂದ್ರೆ, ಕೆಲಸದ ದಿನ ಅವರು ಕುಡಿಯೋದು ಸೋಡಾ, ನಿಂಬೆಹಣ್ಣು, ಉಪ್ಪು. ಕುಂದಾಪುರದ ಅಣ್ಣ ಹದಿನೆಂಟು ವರ್ಷ ಅದರಲ್ಲೇ ಕಳೆದಿದ್ದರು.

ಇದೇ ಲೆಕ್ಕ ಲಾಂಗ್ ಐಲ್ಯಾಂಡ್ ಐಸ್ಡ್ ಟೀಗೂ ಹಾಕಿ. ಹೆಸರಲ್ಲಿ ಮಾತ್ರ ಟೀ. ವೋಡ್ಕಾ, ಜಿನ್, ರಮ್, ಟಕೀಲಾ, ಮೇಲೊಂದು ಕಿತ್ತಳೆ ಲಿಕ್ಕರ್, ನಿಂಬೆರಸ, ಕೊನೆಗೆ ಕೋಲಾ. ಸಿಹಿ ಎಲ್ಲವನ್ನೂ ಮುಚ್ಚಿಡತ್ತೆ. ಫಸ್ಟ್ ಟೈಮ್ ಬಂದವರು ಮೂರು ಆರ್ಡರ್ ಮಾಡಿದ್ರೆ ಎರಡನೆಯದರ ಹೊತ್ತಿಗೆ ನಾವು ಆಟೋಗೆ ಯಾರು ಕೂರಿಸೋದು ಅಂತ ಮಾತಾಡ್ತಿದ್ವಿ.

ಮುಚ್ಚಿಡದೇ ಇರೋ ಕಾಕ್‌ಟೇಲ್ ಬೇಕು ಅಂದ್ರೆ ನೆಗ್ರೋನಿ. ಜಿನ್, ಕಂಪಾರಿ, ಸಿಹಿ ವರ್ಮೂತ್, ಮೂರೂ ಸಮ ಪಾಲು, ಐಸ್, ಕಿತ್ತಳೆ ಸಿಪ್ಪೆ. ಇಟಲಿಯದ್ದು. ಮೊದಲ ಸಲ ಕೆಮ್ಮಿನ ಔಷಧಿ ಅನ್ಸತ್ತೆ, ಅಷ್ಟು ಕಹಿ. ಆದ್ರೆ ಹಾಗಲಕಾಯಿ ಗೊಜ್ಜು ತಿಂದು ಬೆಳೆದೋರಿಗೆ ಕಹಿ ಹಿಂದೆ ಸಿಹಿ ಹುಳಿ ಬರೋದು ಹೊಸದಲ್ಲ. ಕಹಿಯಾಗಿರೋದ್ರಿಂದ ಒಂದು ಗ್ಲಾಸ್ ಮುಗಿಯೋಕೆ ಮುಕ್ಕಾಲು ಗಂಟೆ ಹಿಡಿಯತ್ತೆ. ಬಾರ್‌ಟೆಂಡರ್‌ಗಳು ಇದನ್ನ ಇಷ್ಟಪಡೋಕೆ ಅದೂ ಒಂದು ಕಾರಣ ಅಂತ ನನ್ನ ಊಹೆ. ಜಿನ್‌ಗೆ ಈಗ ಇಂಪೋರ್ಟೆಡ್ ಬೇಕಂತಿಲ್ಲ, ಗೋವಾದಲ್ಲೇ ಒಳ್ಳೇದು ತಯಾರಾಗ್ತಿದೆ.

ಗೋವಾ ಅಂದೆ ಅಲ್ವಾ. ಮೂರನೇ ವರ್ಷ ನಾನಿದ್ದಿದ್ದು ಅಲ್ಲೇ, ಕಾರವಾರ ದಾಟಿದ ಮೇಲೆ ಸಿಗೋ ಕಾಣಕೋಣ ಕಡೆಯ ಬೀಚ್‌ನ ಒಂದು ಶ್ಯಾಕ್‌ನಲ್ಲಿ, ಒಂದು ಸೀಸನ್. ಅಲ್ಲಿ ಅಡುಗೆಮನೆಯಲ್ಲಿ ಅರ್ಧಕ್ಕರ್ಧ ಕನ್ನಡ, ಅದರಲ್ಲೂ ಉತ್ತರ ಕರ್ನಾಟಕದ ಕನ್ನಡ. ಮಾರ್ಚ್ ತಿಂಗಳು ಬಂದಾಗ ಪಕ್ಕದ ಮನೆಯ ಕೊಂಕಣಿ ಅಜ್ಜ ಪ್ಲಾಸ್ಟಿಕ್ ನೀರಿನ ಬಾಟಲಿಯಲ್ಲಿ ಏನೋ ತಂದುಕೊಟ್ರು. ನೋಡೋಕೆ ನೀರು. ಮುಚ್ಚಳ ತೆಗೆದ್ರೆ ಇಡೀ ಶ್ಯಾಕ್ ಗೇರುಹಣ್ಣಿನ ತೋಟ. ಅದೇ ಉರಾಕ್.

ಗೋಡಂಬಿ ಎಲ್ಲರಿಗೂ ಗೊತ್ತು. ಅದರ ಮೇಲಿರೋ ಹಣ್ಣನ್ನ ನಮ್ಮ ಕರಾವಳಿಯಲ್ಲಿ ಹೆಚ್ಚಾಗಿ ಎಸೀತಾರೆ, ಅಥವಾ ದನಕ್ಕೆ ಹಾಕ್ತಾರೆ. ಗೋವಾದಲ್ಲಿ ಹಣ್ಣನ್ನ ತುಳಿದು, ರಸ ತೆಗೆದು, ಹುಳಿ ಬರಿಸಿ ಭಟ್ಟಿ ಇಳಿಸ್ತಾರೆ. ಮೊದಲ ಸಲ ಇಳಿದದ್ದು ಉರಾಕ್, ತೆಳು, ಸುಮಾರು 15 ಪರ್ಸೆಂಟ್. ಅದನ್ನ ಮತ್ತೆ ಭಟ್ಟಿಗೆ ಹಾಕಿದ್ರೆ ಫೆನಿ, 42ರ ಆಸುಪಾಸು. ಗೇರು ಮರವನ್ನ ಬ್ರೆಜಿಲ್‌ನಿಂದ ತಂದೋರು ಪೋರ್ಚುಗೀಸರು, ಅದರಿಂದ ಫೆನಿ ಮಾಡಿದೋರು ಗೋವಾದವರು. 2009ರಲ್ಲಿ ಗೇರು ಫೆನಿಗೆ ಜಿಐ ಮಾನ್ಯತೆ ಸಿಕ್ತು, ಅಂದ್ರೆ ಗೋವಾ ಬಿಟ್ಟು ಬೇರೆಯವರು ಆ ಹೆಸರು ಬಳಸೋ ಹಾಗಿಲ್ಲ. ಹೀಗಿದ್ರೂ ಅದನ್ನ ಬಹಳ ಕಾಲ ಕಂಟ್ರಿ ಲಿಕ್ಕರ್ ಪಟ್ಟಿಗೆ ಹಾಕಿಟ್ಟಿದ್ರು. ಕಾಕಂಬಿ ಸ್ಪಿರಿಟ್‌ಗೆ ಬಣ್ಣ ಹಾಕಿದ್ದು ಫಾರಿನ್ ಲಿಕ್ಕರ್, ಹಣ್ಣಿನ ರಸದಿಂದ ಇಳಿಸಿದ್ದು ಕಂಟ್ರಿ. ಈ ಕ್ಲಾಸಿಫಿಕೇಶನ್ ಯಾವ ಅಕೌಂಟೆಂಟ್ ಮಾಡಿದ್ದೋ.

ಉರಾಕ್ ಕುಡಿಯೋದು ಹೇಗೆ ಅಂದ್ರೆ, ಲಿಮ್ಕಾ, ಉಪ್ಪು, ನಿಂಬೆ, ಮಧ್ಯೆ ಸೀಳಿದ ಒಂದು ಹಸಿಮೆಣಸಿನಕಾಯಿ. ಖಾರ ಮೂಗಿಗೆ ಬರತ್ತೆ, ಹಿಂದೆ ಗೇರುಹಣ್ಣಿನ ಒಗರು. ವಾಸನೆ ಕೆಲವರಿಗೆ ಆಗಲ್ಲ, ನಮ್ಮ ಹುಬ್ಬಳ್ಳಿ ಕುಕ್ ಕೊನೇವರೆಗೂ ಮೂಗು ಮುಚ್ಕೊಂಡೇ ಇದ್ದ. ನನಗೆ ಮಾತ್ರ ಇವತ್ತಿಗೂ ಒಂದೇ ಒಂದು ಆರಿಸು ಅಂದ್ರೆ ಅದೇ.

ತೊಂದರೆ ಏನಂದ್ರೆ ಇದು ಬೇಸಿಗೆಯಲ್ಲಿ ಮಾತ್ರ, ಮಾರ್ಚ್‌ನಿಂದ ಮಳೆ ಶುರುವಾಗೋವರೆಗೆ. ತುಂಬಾ ದಿನ ಇಟ್ರೆ ರುಚಿ ಹೋಗತ್ತೆ, ಹಾಗಾಗಿ ಯಾವ ಶೆಲ್ಫಲ್ಲೂ ಸಿಗಲ್ಲ. ಏಪ್ರಿಲ್‌ನಲ್ಲಿ ಆ ಕಡೆ ಹೋದ್ರೆ ಬೀಚ್ ಶ್ಯಾಕ್‌ಗಳಲ್ಲಿ ಹುಡುಕಬೇಡಿ, ಹಳ್ಳಿ ಒಳಗಿನ ಚಿಕ್ಕ ತವೆರ್ನಾಗಳಲ್ಲಿ ಕೇಳಿ. ತವೆರ್ನಾ ಅಂದ್ರೆ ಅಲ್ಲಿನ ಹೆಂಡದಂಗಡಿ. ಕುಡಿದ ಮೇಲೆ ಗಾಡಿ ಓಡಿಸಬೇಡಿ. ಬ್ಯಾಗಲ್ಲಿ ತರೋ ಆಲೋಚನೆಯೂ ಬೇಡ, ಮಾಜಾಳಿ ಚೆಕ್‌ಪೋಸ್ಟ್‌ನಲ್ಲಿ ಬ್ಯಾಗ್ ಬಿಚ್ಚಿಸ್ತಾರೆ.

ಮುಂದಿನ ಸಂಚಿಕೆ ಬಿಲ್‌ನ ಉಳಿದ ಭಾಗ: ಊಟಕ್ಕೆ ಜಿಎಸ್‌ಟಿ ಇದೆ, ಅದೇ ಬಿಲ್‌ನಲ್ಲಿರೋ ಡ್ರಿಂಕ್ಸ್‌ಗೆ ಯಾಕಿಲ್ಲ ಅಂತ. ನಿಮ್ಮ ಹತ್ರ ಬಾರ್ ಬಿಲ್‌ಗಳಿದ್ರೆ ಫೋಟೋ ಕಳಿಸಿ, ಹೆಸರು ಅಳಿಸಿ ಲೆಕ್ಕ ಹಾಕೋಣ. ಬರ್ಲಾ?